ಬೆಂಗೇರಿ ಮನೆಯ ನೆಲಕ್ಕೆ ಬಿಸಿ ಬೇಕೇ?

ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದಿಂದ ತುಸು ಆಚೆ ಒಂದು ಮನೆ. ಮುಂಭಾಗ ಹಳೆಯದು: ಮಣ್ಣಿನ ದಪ್ಪ ಗೋಡೆ, ಶಹಾಬಾದ್ ಫರಸಿಯ ಪಡಸಾಲೆ. ಹಿತ್ತಲಿನ ಕಡೆ ಹೊಸದಾಗಿ ಮೂರು ಕೋಣೆ ಎದ್ದಿವೆ. ಸ್ಲ್ಯಾಬು ಆಗಿದೆ, ಗಿಲಾವು ಆಗಿದೆ, ನೆಲ ಒಂದು ಬಾಕಿ. ಆ ನೆಲದ ಬಗ್ಗೆಯೇ ಇಬ್ಬರ ಮಾತು. ಕಾಕಾ ಆಯುಷ್ಯವೆಲ್ಲ ಗೌಂಡಿ ಕೆಲಸ ಮಾಡಿದವರು. ಅವರ ಅಣ್ಣನ ಮಗಳು ವಿದ್ಯಾನಗರದ ಬಿ.ವಿ.ಬಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಈಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹಳೆಯ ಮನೆಗಳಿಗೆ ಹೊಸ ಹೀಟಿಂಗ್ ಅಳವಡಿಸುವ ಕೆಲಸದಲ್ಲಿದ್ದಾಳೆ. ಅವಳ ತಾಯಿಗೆ, ಅಂದರೆ ಕಾಕಾರ ವೈನಿಗೆ, ಸಂಧಿವಾತ. ಡಿಸೆಂಬರಿನ ಬೆಳಗ್ಗೆ ನೆಲಕ್ಕೆ ಕಾಲೂರಲು ಅಂಜುತ್ತಾರೆ. ಹೊಸ ಕೋಣೆಗಳ ನೆಲದಡಿ ಬಿಸಿನೀರಿನ ಪೈಪು ಹಾಕಿಸೋಣ ಎಂಬುದು ಮಗಳ ಮಾತು. ಕಾಕಾ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ.

ಮಗಳು: ಕಾಕಾ, ಟೈಲ್ಸ್ ಹಾಕೂ ಮೊದಲ ಈ ಕೆಲಸ ಆಗಬೇಕು. ಟೈಲ್ಸ್ ಬಿದ್ದ ಮ್ಯಾಲ ನೆಲಾ ಒಡದು ಪೈಪ್ ಹಾಕೂದಂದ್ರ ಖರ್ಚೂ ಹೆಚ್ಚು, ಧೂಳೂ ಹೆಚ್ಚು. ಹೊಸ ಮನಿಗೆ ಇರೂದು ಇದೊಂದ ಅವಕಾಶ.

ಕಾಕಾ: ಅವಸರ ಮಾಡಬ್ಯಾಡವಾ. ಅದು ಏನಂತ ಮೊದಲ ನನಗ ತಿಳೀಲಿ. ನೆಲದಾಗ ನೀರು ಬಂತಂದ್ರ ನಮ್ಮ ಕಸಬಿನಾಗ ಅದು ಕೆಟ್ಟ ಕೆಲಸ. ನೀ ನೋಡಿದ್ರ ಬೇಕಂತ ನೀರು ಹರಿಸ್ತೇನಿ ಅಂತೀ.

ಮಗಳು: ಹರಿಯೂದು ಪೈಪಿನಾಗ. ಕೆಳಗ ಕಾಂಕ್ರೀಟ್, ಅದರ ಮ್ಯಾಲ ಶಾಖ ತಡಿಯೂ ಫೋಮ್ ಹಲಗಿ, ಅದರ ಮ್ಯಾಲ ಹದಿನಾರು ಮಿಲಿಮೀಟರಿನ ಪ್ಲಾಸ್ಟಿಕ್ ಪೈಪು. ಹತ್ತರಿಂದ ಇಪ್ಪತ್ತು ಸೆಂಟಿಮೀಟರಿಗೆ ಒಂದೊಂದು ಸುತ್ತು. ಮ್ಯಾಲ ಎರಡೂವರಿ ಇಂಚು ಸಿಮೆಂಟ್-ಉಸುಕಿನ ಹಾಸು, ಆಮ್ಯಾಲ ಟೈಲ್ಸ್. ನೀರು ಬಹಳಂದ್ರ 35, 40 ಡಿಗ್ರಿ.

ಕಾಕಾ: 35 ಡಿಗ್ರಿ ಅಂದ್ರ ಉಗುರು ಬೆಚ್ಚಗ. ಆ ನಾಡಿನಾಗ ಹಿಮಾ ಬೀಳತೈತಿ ಅಂತೀ. ಅದಕ್ಕ ಇಷ್ಟ ಬಿಸಿ ಸಾಕಾಗತೈತೇನು?

ಮಗಳು: ಗ್ವಾಡಿಗೆ ಹಾಕೂ ರೇಡಿಯೇಟರ್ ಸಣ್ಣದು. ಅದಕ್ಕ 60, 70 ಡಿಗ್ರಿ ನೀರು ಬೇಕು. ನೆಲಾ ಅಂದ್ರ ಕೋಣಿಯಷ್ಟೂ ಅಗಲ. ಸ್ವಲ್ಪ ಬಿಸಿ ಇದ್ರೂ ಸಾಕಾಗತೈತಿ. ಅದರಾಗೂ ಹೀಟ್ ಪಂಪಿಗೆ ಇದು ಹೇಳಿ ಮಾಡಿಸಿದ ಜೋಡಿ. ನೀರು ಎಷ್ಟು ಕಡಿಮಿ ಕಾಯಿಸಬೇಕೋ ಅದು ಅಷ್ಟು ಚಂದ ನಡೀತೈತಿ. ಒಂದು ಯುನಿಟ್ ಕರೆಂಟ್ ತಿಂದು ಮೂರು-ನಾಕು ಯುನಿಟಿನಷ್ಟು ಬಿಸಿ ಕೊಡತೈತಿ. 2022ರಾಗ ರಷ್ಯಾದ ಗ್ಯಾಸ್ ನಿಂತು ಬೆಲಿ ಏರಿದ ಮ್ಯಾಲ ಅಲ್ಲಿ ಮಂದಿ ಇದರ ಹಿಂದ ಬಿದ್ದಾರ.

ಕಾಕಾ: ಹೊಸ ಮನಿಗೆ ಸರಿ. ನೀ ಕೆಲಸಾ ಮಾಡೂದು ಹಳೇ ಮನಿಯೊಳಗ ಅಂತೀ. ಅಲ್ಲಿ ಎಲ್ಲಿ ತುರುಕ್ತೀ ಇಷ್ಟೆಲ್ಲಾ? ಮೂರು ಇಂಚು ನೆಲಾ ಏರಿದ್ರ ಬಾಗಲಾ ತೆರೀತಾವೇನು? ಪಾವಟಿಗಿ ಲೆಕ್ಕಾ ತಪ್ಪೂದಿಲ್ಲೇನು?

ನೆಲದ ಕೆಲಸ ಬಲ್ಲವನು ಕೇಳುವ ಮೊದಲ ಪ್ರಶ್ನೆ ಇದು. ಮೂರು ಇಂಚು ಎಂದರೆ ಬಾಗಿಲಿನ ಅಡಿ ಕೊಯ್ಯಬೇಕು, ಮೆಟ್ಟಿಲಿನ ಮೊದಲ ಪಾವಟಿಗೆ ಗಿಡ್ಡಾಗುತ್ತದೆ, ಕಿಟಕಿಯ ಕಟ್ಟೆ ಅಷ್ಟೇ ತಗ್ಗುತ್ತದೆ.

ಮಗಳು: ಅದಕ್ಕ ಹಳೇ ಮನಿಯೊಳಗ ಬ್ಯಾರೆ ಹಾದಿ ಹಿಡೀತೀವಿ. ಈಗಿರೂ ಹಾಸು ಗಟ್ಟಿ ಇದ್ರ ಮಷಿನ್ನಿಂದ ಅದರಾಗ ಕಾಲುವಿ ಕೊರದು, ಪೈಪ್ ಕೂಡಿಸಿ ಮುಚ್ಚತೀವಿ. ನೆಲಾ ಏರೂದ ಇಲ್ಲ. ಕಟಗಿ ತೊಲಿ ಮ್ಯಾಲಿನ ಅಂತಸ್ತು ಇದ್ರ ಸಿಮೆಂಟ್ ಹಾಸಿನ ಗೋಜಿಗೆ ಹೋಗೂದಿಲ್ಲ. ಆರೂವರಿ ಸೆಂಟಿಮೀಟರ್ ಹಾಸು ಅಂದ್ರ ಚದರ ಮೀಟರಿಗೆ 130 ಕಿಲೋ. ನೂರು ವರ್ಷದ ತೊಲಿ ಅದನ್ನ ತಡೀಬೇಕಲ್ಲ? ಅಲ್ಲಿ ಒಣ ಹಲಗಿ ಹಾಕ್ತೀವಿ, ಇಂಚಿನ ಆಸುಪಾಸಿನ ದಪ್ಪ.

ಕಾಕಾ: ಅಷ್ಟಾದ್ರ ಮುಗೀತು, ಮನಿ ಬೆಚ್ಚಗಾಗತೈತಿ?

ಮಗಳು: ಇಲ್ಲ. ಗಿರಾಕಿಗೆ ಮೊದಲ ಹೇಳೂ ಮಾತs ಅದು. ಮಂದಿ ಓಡಾಡೂ ನೆಲಾ 29 ಡಿಗ್ರಿ ದಾಟಬಾರದು ಅಂತ ಯುರೋಪಿನ ಮಾನಕ ಐತಿ. ಕೋಣಿ 20 ಡಿಗ್ರಿ ಬೇಕಂದ್ರ, 29ರ ನೆಲಾ ಚದರ ಮೀಟರಿಗೆ ನೂರು ವ್ಯಾಟ್ ಕೊಟ್ಟೀತು, ಹೆಚ್ಚಿಲ್ಲ. ಹಳೇ ಮನಿ ಗ್ವಾಡಿ, ಕಿಟಕಿ, ಮಾಳಗಿ ಹಂಗs ಬಿಟ್ಟಿದ್ರ ಗಡ್ಡೆಗಟ್ಟೂ ಚಳ್ಯಾಗ ಅದಕ್ಕಿಂತ ಹೆಚ್ಚು ಬಿಸಿ ಹೊರಗ ಹೋಗತಿರತೈತಿ. ಈಗಿನ ಹೊಸ ಮನಿಗೆ 40, 50 ವ್ಯಾಟ್ ಇದ್ರ ನಡೀತೈತಿ. ಹಂಗಾಗಿ ಹಳೇ ಮನ್ಯಾಗ ಮೊದಲ ಕಿಟಕಿ, ಮಾಳಗಿ, ನೆಲಮಾಳಗಿ ಸೂರು, ಕಡೀಕ ನೆಲಾ.

ಕಾಕಾ: ಹಂಗ ಹೇಳು. ಅಂದ್ರ ಮನಿ ಗಟ್ಟಿಮುಟ್ಟು ಮುಚ್ಚಿಕೊಂಡಿರಬೇಕು. ಈಗ ನಮ್ಮ ಮನಿ ನೋಡು. ಕಿಟಕಿ ತೆರದ ಇರತಾವ, ಬಾಗಲಾ ಮುಂಜಾನಿಂದ ಸಂಜಿತನಕ ತೆರದ ಇರತೈತಿ. ಬಿಸಿ ಯಾವ ಕೋಣ್ಯಾಗ ನಿಲ್ಲತೈತಿ?

ಮಗಳು: ಮನಿ ಬಿಸಿ ಮಾಡೂದು ನನ್ನ ಉದ್ದೇಶ ಅಲ್ಲ ಕಾಕಾ. ಹುಬ್ಬಳ್ಳಿ ಥಂಡಿ ನನಗೂ ಗೊತ್ತೈತಿ. ಡಿಸೆಂಬರ್-ಜನವರಿ ರಾತ್ರಿ 14, 15 ಡಿಗ್ರಿ, ಒಮ್ಮೊಮ್ಮೆ ಅದಕ್ಕೂ ಕೆಳಗ. ಹವಾ ಹಂಗ ಇರಲಿ. ಅವ್ವನ ಕಾಲಿಗೆ ನೆಲಾ ಕೊರೀಬಾರದು, ಅಷ್ಟs.

ಕಾಕಾ: ಕಾಲಿಗಾದ್ರ ಚಪ್ಪಲಿ ಐತಿ.

ಮಗಳು: ಜರ್ಮನ್ಯಾಗ ಮನಿಯೊಳಗ ಬಹಳ ಮಂದಿ ಚಪ್ಪಲಿ ಹಾಕ್ತಾರ. ನಮ್ಮವ್ವ ಅಡಗಿ ಮನ್ಯಾಗ, ದೇವರ ಕೋಣ್ಯಾಗ ಹಾಕೂದಿಲ್ಲ. ಮುಂಜಾನಿ ಐದೂವರಿಯಿಂದ ಏಳರತನಕ ಅಕಿ ನಿಂದರೂದು ಆ ಎರಡೂ ಜಾಗದಾಗ.

ಕಾಕಾ ಒಂದು ಗಳಿಗೆ ಸುಮ್ಮನಾದರು. ಚಳಿಯ ದೇಶದವರು ಚಪ್ಪಲಿ ಮೆಟ್ಟಿ ಬಿಸಿ ನೆಲದ ಮೇಲೆ ಓಡಾಡುತ್ತಾರೆ, ನಾವು ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ ಪೂಜೆಗೆ ನಿಲ್ಲುತ್ತೇವೆ. ಬರಿಗಾಲಿನ ರೂಢಿ ಇರುವ ನಾಡಿನಲ್ಲಿ ನೆಲದ ತಂಪು ಶೋಕಿಯ ವಿಷಯವಲ್ಲ ಎಂದು ನನಗೂ ಅನ್ನಿಸಿತು.

ಕಾಕಾ: ತಪ್ಪು ಟೈಲ್ಸಿಂದು. ಸಗಣಿ ಸಾರಿಸಿದ ಮಣ್ಣ ನೆಲಾ ಹಿಂಗ ಕಾಲು ಕಚ್ಚತಿದ್ದಿಲ್ಲ.

ಮಗಳು: ಖರೇ. ಮುಂಜಾನಿ ಟೈಲ್ಸೂ 20 ಡಿಗ್ರಿ, ಕಟಗಿ ಮಣೀನೂ 20 ಡಿಗ್ರಿ. ಆದರ ಕಾಲಿನ ಬಿಸೀನ ಟೈಲ್ಸ್ ಗಬಕ್ಕನ ಎಳಕೊಳ್ಳತೈತಿ, ಕಟಗಿ ಎಳಕೊಳ್ಳೂದಿಲ್ಲ. ಮಣ್ಣ ನೆಲದಾಗ ಸಣ್ಣ ಸಣ್ಣ ಗಾಳಿ ತೂತು ಇರತಾವ, ಅದಕ್ಕ ಅದೂ ನಿಧಾನ. ಆದರ ಕಾಕಾ, ಆ ನೆಲಾ ಸಾರಿಸಾಕಿ ಯಾರಿದ್ರು? ಅವ್ವ. ಬಗ್ಗಿ ಸಾರಿಸಿ ಸಾರಿಸಿ ಬಂದ ಮೊಣಕಾಲ ಇವು.

ಕಾಕಾ: ಅದನ್ನ ನಾ ಅಲ್ಲಗಳಿಯೂದಿಲ್ಲ. ಆದರ ಟೈಲ್ಸ್ ಹಾಕಿ ಥಂಡಿ ತಂದಕೊಂಡು, ಆ ಥಂಡಿ ಕಳಿಯಾಕ ಅಡಿಯಾಗ ಪೈಪ್ ಹಾಕೂದು ಎರಡು ಸಲ ಖರ್ಚು ಮಾಡಿಧಂಗ. ನಿಲ್ಲೂ ಜಾಗದಾಗ ಸಾಗವಾನಿ ಹಲಗಿ ಹಾಕ್ತೇನಿ. ಪಡಸಾಲ್ಯಾಗ ನವಲಗುಂದ ಜಮಖಾನ ಹಾಸು. ಅದು ನಮ್ಮ ಜಿಲ್ಲಾದ ಮಾಲು, ಭೌಗೋಳಿಕ ಗುರುತು ಪಡದ ಮಾಲು. ನಮ್ಮ ಹಿರ್ಯಾರು ಥಂಡಿಗೆ ನೆಲಾ ಕಾಯಿಸಲಿಲ್ಲ, ನೆಲಕ್ಕ ಹಾಸಿದ್ರು.

ಮಗಳು: ಹಲಗಿ ಅಂಚಿಗೆ ಎಪ್ಪತ್ತು ದಾಟಿದಾಕಿ ಎಡವಿದ್ರ? ಜಮಖಾನ ಜರದ್ರ? ಸೊಂಟದ ಎಲಬು ಮುರದ್ರ ಆ ವಯಸ್ಸಿನಾಗ ಎದ್ದು ಓಡಾಡೂದು ಕಠಿಣ. ನೆಲಾ ಸಪಾಟ ಇರಬೇಕು. ಅದಕ್ಕ ಬಿಸಿ ಅಡಿಯಿಂದ ಬರಲಿ ಅಂತೇನಿ. ಬಿಸಿ ನೆಲದ ಮ್ಯಾಲ ಮತ್ತ ದಪ್ಪ ಹಾಸು ಹಾಸಿದ್ರ ಬಿಸಿ ಮ್ಯಾಲ ಬರೂದಿಲ್ಲ, ಅದನ್ನೂ ಹೇಳಿಬಿಡ್ತೇನಿ.

ಕಾಕಾ: ಹಿರ್ಯಾರು ನೆಲಾ ಕಾಯಿಸಲಿಲ್ಲ ಅಂದೆ, ಅದು ಪೂರ್ತಿ ಖರೇ ಅಲ್ಲ. ಬಾಣಂತಿ ಹೊರಸಿನ ಅಡಿ ಕೆಂಡದ ಅಗ್ಗಿಷ್ಟಿಗಿ ಇಡತಿದ್ರು. ನೀ ಹುಟ್ಟಿದಾಗ ಇದ ಮನ್ಯಾಗ, ನಡುಮನ್ಯಾಗ ಇಟ್ಟಿದ್ರು.

ಮಗಳು: ಅದರಾಗ ಒಂದು ಅಪಾಯ ಐತಿ. ಮುಚ್ಚಿದ ಕೋಣ್ಯಾಗ ಕೆಂಡದ ವಿಷಗಾಳಿ ತಾಯಿ-ಕೂಸಿನ ಜೀವಾ ತಗದೀತು. ಕೊರಿಯಾದವರು ಅದನ್ನ ಅನುಭವಿಸಿ ಬಿಟ್ಟಾರ. ಅವರದು ಶತಮಾನಗಳ ಪದ್ಧತಿ, ಒಂಡೋಲ್ ಅಂತ. ಅಡಗಿ ಒಲಿ ಹೊಗಿ ನೆಲದ ಕಲ್ಲಿನ ಅಡಿ ಹಾದು ಆಚಿ ಕಡೆ ಹೊರಗ ಹೋಗತಿತ್ತು. ಮುಂದ ಕಲ್ಲಿದ್ದಲು ಉರಸಾಕ ಹತ್ತಿದಾಗ ನೆಲದ ಬಿರುಕಿನಿಂದ ವಿಷಗಾಳಿ ಬಂದು ಮಲಗಿದವರು ಸತ್ತರು. ಆಮ್ಯಾಲ ಹೊಗಿ ಬದಲಿ ಬಿಸಿನೀರಿನ ಪೈಪ್ ಬಂತು. ಈಗ ಅಲ್ಲಿ ಅಪಾರ್ಟ್‌ಮೆಂಟಿನಾಗೂ ನೆಲಾ ಬೆಚ್ಚಗ.

ಕಾಕಾ: ನಮ್ಮ ದೇಶದಾಗ ಎಲ್ಲೂ ಇಲ್ಲೇನು?

ಮಗಳು: ಕಾಶ್ಮೀರದಾಗ ಐತಿ. ಹಮಾಮ್ ಅಂತಾರ. ದೊಡ್ಡ ಕಲ್ಲ ಚಪ್ಪಡಿ ನೆಲಾ, ಅಡಿಯಾಗ ಟೊಳ್ಳು, ಹೊರಗಿನ ಬಾಯಿಂದ ಕಟಗಿ ಉರಿ. ಅದ ಉರಿಗೆ ತಾಮ್ರದ ಹಂಡೆ ನೀರೂ ಕಾಯತಾವ. ಮಸೀದ್ಯಾಗೂ ಇರತೈತಿ, ಅನುಕೂಲಸ್ಥರ ಮನ್ಯಾಗೂ ಇರತೈತಿ. ಥಂಡ್ಯಾಗ ಮನಿ ಮಂದಿ ಎಲ್ಲಾ ಅದ ಕೋಣ್ಯಾಗ. ಕೊರಿಯಾದವರೂ ಕಾಶ್ಮೀರದವರೂ ನಮ್ಮಂಗ ನೆಲದ ಮ್ಯಾಲ ಕುಂತು ಉಣ್ಣಾವ್ರು.

ಕಾಕಾ: ಆ ಮಾತು ನನಗ ನಾಟಿತು. ನೆಲದ ಮ್ಯಾಲ ಬದುಕಾವ್ರಿಗೆ ನೆಲದ ಬಿಸಿ. ಆದರ ಈ ಹೊಸ ಕೋಣ್ಯಾಗ ನಿನ್ನ ತಮ್ಮ ಸೋಫಾ ತರಿಸ್ತಾನ, ಡೈನಿಂಗ್ ಟೇಬಲ್ ತರಿಸ್ತಾನ. ಕುಂದ್ರಾವ್ರು ಯಾರು ನೆಲಕ್ಕ?

ಮಗಳು: ಅವ್ವ ಕುಂದ್ರೂದಿಲ್ಲ ಈಗ. ಕುಂದ್ರಾಕ ಆಗೂದಿಲ್ಲ. ಬೆಚ್ಚಗಿದ್ರ ಕುಂತಾಳೇನೋ.

ಕಾಕಾ: ಏಳಾಕ ಬರಬೇಕಲ್ಲ ಮತ್ತ. ಇರಲಿ. ನನ್ನ ಅಡ್ಡಿ ಬ್ಯಾರೆ ಐತಿ. ನೀರಿನ ಮಾತಿಗೆ ಬಾ. ನಮಗ ನಳ ಬರೂದು ವಾರಕ್ಕೊಮ್ಮೆ. ನೆಲಕ್ಕ ಎಲ್ಲಿಂದ ನೀರು ಕುಡಸ್ತೀ?

ಮಗಳು: ಒಮ್ಮೆ ತುಂಬಿಸಿದ್ರ ಅದ ನೀರು ತಿರುಗಾಡತೈತಿ. ಖರ್ಚಾಗೂದಿಲ್ಲ.

ಕಾಕಾ: ಸೋರಿದ್ರ? ನಮ್ಮೂರ ಖಾದಿ ಸಂಘದಾಗ ಧ್ವಜ ಆಗತಾವ. ನೂಲಿನ ಬಲ, ಬಣ್ಣ, ಅಳತಿ, ಹೊಲಿಗಿ, ಎಲ್ಲಾದಕ್ಕೂ ಮಾನಕ ಐತಿ. ತಪಾಸಣಿ ಒಳಗ ಕೂಡದಿದ್ರ ಧ್ವಜ ಹೊರಗ ಹೋಗೂದಿಲ್ಲ. ನೆಲದಾಗ ಹುಗಿಯೂ ಪೈಪು ಸರಿ ಐತಿ ಅಂತ ಇಲ್ಲಿ ಯಾರು ತಪಾಸಣಿ ಮಾಡಾವ್ರು?

ಮಗಳು: ತಪಾಸಣಿ ಕಠಿಣ ಅಲ್ಲ. ಪೈಪಿಗೆ ನೀರು ತುಂಬಿಸಿ ಆರು ಬಾರ್ ಒತ್ತಡ ಏರಿಸಿ ಗೇಜ್ ನೋಡತೀವಿ. ಮುಳ್ಳು ಇಳೀಬಾರದು. ಹಾಸು ಹಾಕೂ ಹೊತ್ತಿನಾಗೂ ಒತ್ತಡ ಇಟ್ಟಿರತೀವಿ. ಯಾರರೆ ಸಲಕಿ ತಾಗಿಸಿ ತೂತು ಮಾಡಿದ್ರ ಆ ಗಳಿಗ್ಯಾಗ ಗೊತ್ತಾಗತೈತಿ. ಮತ್ತ ನೆಲದೊಳಗ ಒಂದೂ ಜೋಡಣಿ ಇರೂದಿಲ್ಲ. ಒಂದು ಸುತ್ತಿಗೆ ಒಂದ ಅಖಂಡ ಪೈಪು. ಜೋಡಣಿ ಎಲ್ಲಾ ಗ್ವಾಡ್ಯಾಗಿನ ಪೆಟ್ಟಿಗ್ಯಾಗ, ಕಣ್ಣಿಗೆ ಕಾಣೂ ಹಂಗ.

ಕಾಕಾ: ಇದು ಬೇಷ್. ಹಾಸಿಗೆ ನೀರು ಉಣಿಸೂದು ಎಷ್ಟ ದಿನ?

ಮಗಳು: ನೀರು ಉಣಿಸೂದಿಲ್ಲ, ಒಣಗಸ್ತೀವಿ. ಸಿಮೆಂಟ್ ಹಾಸಿದ್ರ ಇಪ್ಪತ್ತೊಂದು ದಿನಾ ಸುಮ್ಮ ಬಿಡಬೇಕು. ಆಮ್ಯಾಲ 25 ಡಿಗ್ರಿ ನೀರು ಮೂರು ದಿನ, ಅಲ್ಲಿಂದ ಪೂರ್ತಿ ಬಿಸಿ ನಾಕು ದಿನ. ಅದರಾಗ ಬಿರುಕು ಬಿಡಲಿಲ್ಲ ಅಂದ್ರ ಟೈಲ್ಸ್.

ಕಾಕಾ: ಅಂದ್ರ ತಿಂಗಳಾ ಕೆಲಸಾ ನಿಂತಿತು. ಅದೂ ಇರಲಿ. ಎರಿ ಮಣ್ಣಿಗೆ ನಿನ್ನ ಕಡೆ ಉತ್ತರ ಏನೈತಿ? ಈ ಸುತ್ತಿನ ಎರಿ ಭೂಮಿ ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ನಾ ಈ ಪಾಯಾದಾಗ ಎರಿ ತಗಿಸಿ ಗರಸು ತುಂಬಿಸೇನಿ, ದಮ್ಮಸು ಹೊಡಿಸೇನಿ. ಆದ್ರೂ ಅಡಿಯಾಗ ಎರಿ ಇದ್ದ ಇರತೈತಿ. ನಡುಕೋಣ್ಯಾಗ ನೆಲಾ ಎದ್ದು ಟೈಲ್ಸ್ ಕಿತ್ತ ಮನಿ ನನ್ನ ಕೈಯಾಗ ಎಷ್ಟು ರಿಪೇರಿ ಆಗ್ಯಾವ. ಟೈಲ್ಸ್ ಕಿತ್ರ ಬ್ಯಾರೆ ಟೈಲ್ಸ್ ಕೂಡಿಸ್ತೇನಿ. ಅದರ ಅಡಿ ನಿನ್ನ ಅಖಂಡ ಪೈಪು ಹರದಿದ್ರ?

ಮಗಳು: ಜರ್ಮನ್ಯಾಗ ಹಾಸಿನ ಸುತ್ತ ಗ್ವಾಡಿಗುಂಟ ಫೋಮ್ ಪಟ್ಟಿ ಹಾಕಿ ಬಿಡತೀವಿ. ಬಿಸಿಗೆ ಹಿಗ್ಗಿದ್ರ ಜಾಗಾ ಇರಲಿ ಅಂತ. ಬಾಗಲದಾಗ ಸಂದು ಬಿಟ್ಟು, ಪೈಪಿಗೆ ತೋಳು ಹಾಕ್ತೀವಿ.

ಕಾಕಾ: ಅದು ಅಡ್ಡ ಹಿಗ್ಗೂ ಮಾತು. ನಾ ಹೇಳೂದು ಅಡಿಯಿಂದ ಎತ್ತೂ ಮಾತು.

ಮಗಳು: ಹೌದು. ಅದಕ್ಕ ಫೋಮ್ ಪಟ್ಟಿ ಉತ್ತರ ಅಲ್ಲ. ಬೀಮಿನ ಮ್ಯಾಲ ನಿಂತ ಸ್ಲ್ಯಾಬು ಬೇಕು, ಮಣ್ಣಿಗೂ ಸ್ಲ್ಯಾಬಿಗೂ ನಡುವ ಖಾಲಿ ಇರಬೇಕು. ಅದು ಈಗ ಆಗೂ ಕೆಲಸ ಅಲ್ಲ.

ಇಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ ಎಂದು ಕಾಕಾಗೆ ಖುಷಿಯಾದಂತೆ ಕಂಡಿತು. ಆದರೆ ಆಕೆ ಮಾತು ಬಿಡಲಿಲ್ಲ. ಬೇಸಿಗೆಯನ್ನು ಎಳೆದು ತಂದಳು.

ಮಗಳು: ಎರಡು ತಿಂಗಳ ಥಂಡಿಗೆ ಯಾಕ ಅಂತೀ. ಏಪ್ರಿಲ್ಲಿನಾಗ 37, 38 ಡಿಗ್ರಿ ಆಗತೈತಿ. ಅದ ಪೈಪಿನಾಗ ಥಣ್ಣೀರು ಹರಿಸಿದ್ರ ಕೋಣಿ ತಂಪು. ಹೈದರಾಬಾದಿನ ಪೋಚಾರಂನಾಗ ಇನ್ಫೋಸಿಸ್‌ನವರು 2011ರಾಗ ಒಂದು ಕಟ್ಟಡ ಕಟ್ಟಿ, ಅರ್ಧಕ್ಕ ಮಾಮೂಲಿ ಎ.ಸಿ. ಹಾಕಿದ್ರು, ಉಳಿದ ಅರ್ಧಕ್ಕ ಸ್ಲ್ಯಾಬಿನಾಗ ಪೈಪ್ ಹಾಕಿ ಥಣ್ಣೀರು ಹರಿಸಿದ್ರು. ಪೈಪಿನ ಅರ್ಧಕ್ಕ ಕರೆಂಟು ಸುಮಾರು ಮೂರನೇ ಒಂದು ಪಾಲು ಕಡಿಮಿ ಹತ್ತಿತು.

ಕಾಕಾ: ಮ್ಯಾಲಿನ ಸ್ಲ್ಯಾಬಿನಾಗ ಅಂದ್ರ ತಿಳೀತೈತಿ, ಬಿಸಲಿನ ಕಾವು ಬರೂದು ಅಲ್ಲಿಂದ. ನೆಲದಾಗ ಯಾಕ? ಬ್ಯಾಸಗ್ಯಾಗ ನಮ್ಮ ನೆಲಾ ತಾನಾಗಿ ತಂಪಿರತೈತಿ. ಮಧ್ಯಾಹ್ನ ಊಟಾ ಆದ ಮ್ಯಾಲ ಫರಸಿ ಮ್ಯಾಲ ಒಂದು ದಿಂಬು ಹಾಕಿ ಮಲಗಿದ್ರ ಅದರ ಸುಖ ಯಾವ ಎ.ಸಿ.ಯಾಗೂ ಇಲ್ಲ. ಯಾಕ ಹೇಳು? ಅಡಿಯಾಗ ಭೂಮಿ ತಂಪೈತಿ, ಫರಸಿ ಅದಕ್ಕ ಹತ್ತಿ ಕುಂತೈತಿ. ನೀ ನಡುವ ಫೋಮ್ ಹಲಗಿ ಹಾಸಿದ್ರ ಆ ನಂಟು ಕಡದಂಗಾತು. ಎರಡು ತಿಂಗಳ ಬಿಸಿಗೆ ನಾಕು ತಿಂಗಳ ತಂಪು ಕಳಕೊಂಡಂಗಾತಲ್ಲ?

ಈ ಮಾತು ನನ್ನ ಮಟ್ಟಿಗೆ ಇಡೀ ಸಂಭಾಷಣೆಯ ತಿರುಳು. ಚಳಿಯ ದೇಶದಲ್ಲಿ ಮನೆ ಕಟ್ಟುವವನು ನೆಲವನ್ನು ಮಣ್ಣಿನಿಂದ ಬೇರೆ ಮಾಡಲು ಹೆಣಗುತ್ತಾನೆ. ಅಲ್ಲಿ ಮಣ್ಣು ಬಿಸಿಯನ್ನು ಹೀರುವ ಕಳ್ಳ. ಹುಬ್ಬಳ್ಳಿಯಲ್ಲಿ ಆ ಹೀರುವಿಕೆಯಿಂದಲೇ ಮಾರ್ಚ್‌ನಿಂದ ಜೂನ್‌ವರೆಗೆ ನೆಲಮಹಡಿಯ ಮಂದಿ ಸುಖವಾಗಿರುತ್ತಾರೆ. ಅಲ್ಲಿಯ ನೆಲದ ಪದರಗಳನ್ನು ಹಾಗೆಯೇ ಇಲ್ಲಿಗೆ ಇಳಿಸಿದರೆ ಯಾವುದೋ ಒಂದು ಋತುವಿಗೆ ನಷ್ಟ ತಪ್ಪದು.

ಮಗಳು: ಇದನ್ನ ನಾ ಲೆಕ್ಕಕ್ಕ ಹಿಡಿದಿದ್ದಿಲ್ಲ. ಫೋಮ್ ಹಾಕದಿದ್ರ ಥಂಡ್ಯಾಗ ಬಿಸಿ ಎಲ್ಲಾ ಮಣ್ಣಿಗೆ ಹೋಗತೈತಿ. ಹಾಕಿದ್ರ ಬ್ಯಾಸಗ್ಯಾಗ ಪಂಪು ನಡಿಸಿ ತಂಪು ತಂದಕೋಬೇಕು.

ಕಾಕಾ: ಮಳಿಗಾಲದಾಗ ಇನ್ನೊಂದು. ಈಗs ಹಸಿ ಹವಾಕ್ಕ ಫರಸಿ ಬೆವರತೈತಿ. ಥಣ್ಣೀರು ಹರಿಸಿದ್ರ ನೆಲಾ ತುಂಬ ನೀರು.

ಮಗಳು: ಮಳಿಗಾಲದಾಗ ಬಂದ್ ಇಡಬೇಕು, ಇಲ್ಲಾ ನೀರಿನ ಬಿಸಿ ಇಬ್ಬನಿ ಕಟ್ಟೂ ಮಟ್ಟಕ್ಕಿಂತ ಮ್ಯಾಲ ಇಡಬೇಕು. ಅದಕ್ಕ ಸೆನ್ಸರ್ ಇರತಾವ.

ಕಾಕಾ: ನೀ ಇಲ್ಲದಾಗ ಆ ಸೆನ್ಸರ್ ನೋಡಾವ್ರು ಯಾರು? ಗೀಸರ್ ಕೆಟ್ರ ಕೇಶ್ವಾಪುರದಾಗ ಹುಡುಗ ಸಿಗ್ತಾನ, ಸೈಕಲ್ ಮೋಟಾರ ಮ್ಯಾಲ ಬರತಾನ. ನೆಲದ ಪಂಪು ಕೆಟ್ರ ವೈನಿ ಯಾರಿಗೆ ಫೋನ್ ಹಚ್ಚಬೇಕು? ಜರ್ಮನಿಗೇನು?

ಮಗಳು: ಸೋಲಾರ್ ವಾಟರ್ ಹೀಟರೂ ಒಂದು ಕಾಲಕ್ಕ ಹೊಸಾದ ಇತ್ತು ಕಾಕಾ. ಈಗ ಹುಬ್ಬಳ್ಯಾಗ ಓಣಿಗೆ ಹತ್ತು ಅದಾವ, ರಿಪೇರಿ ಮಾಡಾವ್ರೂ ಅದಾರ. ಮೊದಲ ಯಾರರೆ ಹಾಕಿಸಬೇಕಲ್ಲ.

ಕಾಕಾ: ಹಾಕಸೂ ಮೊದಲನೇದಾಕಿ ಮೊಣಕಾಲ ನೋವಿನ ಮುದುಕಿ ಆಗಬಾರದು. ಇನ್ನೊಂದು ಕೇಳ್ತೇನಿ. ಇದು ಕಾಯಾಕ ಎಷ್ಟೊತ್ತು?

ಮಗಳು: ಎರಡೂವರಿ ಇಂಚಿನ ಹಾಸು ಕಾಯಬೇಕಂದ್ರ ಮೂರು-ನಾಕು ತಾಸು. ಆರೂದೂ ಹಂಗ.

ಕಾಕಾ: ನಮ್ಮ ಥಂಡಿ ನಸಿಕಿಲೆ ನಾಕರಿಂದ ಎಂಟರತನಕ. ಬಿಸಲು ಬಿದ್ದ ಮ್ಯಾಲ ಅಂಗಳದಾಗ ಕುಂತ್ರ ಬೆವರು ಬರತೈತಿ. ಐದಕ್ಕ ಬೆಚ್ಚಗ ಬೇಕಂದ್ರ ರಾತ್ರಿ ಒಂದಕ್ಕ ಹಚ್ಚಬೇಕು. ಹತ್ತಕ್ಕ ಬ್ಯಾಡ ಅಂದ್ರೂ ಬಿಸಿ ಇರತೈತಿ. ಇದು ನಮ್ಮೂರ ದಿನಮಾನಕ್ಕ ಕೂಡೂದಿಲ್ಲ.

ಮಗಳು: ಹಂಗಾದ್ರ ಪೈಪು ಬ್ಯಾಡ, ಕೇಬಲ್ ಮ್ಯಾಟ್. ಮೂರು-ನಾಕು ಮಿಲಿಮೀಟರ್ ದಪ್ಪ, ಟೈಲ್ಸಿನ ಅಡಿಗೇ ಅಂಟಿನಾಗ ಕೂಡತೈತಿ. ಅರ್ಧ-ಮುಕ್ಕಾಲು ತಾಸಿನ್ಯಾಗ ಬೆಚ್ಚಗ. ಆರು ತಿಂಗಳಾ ಬಂದ್ ಇದ್ರೂ ಏನೂ ಆಗೂದಿಲ್ಲ. ಪಂಪಿಲ್ಲ, ನೀರಿಲ್ಲ.

ಕಾಕಾ: ಕರೆಂಟ್ ಎಷ್ಟ ತಿಂತೈತಿ?

ಮಗಳು: ಚದರ ಮೀಟರಿಗೆ 150 ವ್ಯಾಟ್. ಹತ್ತು-ಹನ್ನೆರಡರ ಕೋಣಿ ಅಂದ್ರ 11 ಚದರ ಮೀಟರ್, 1,650 ವ್ಯಾಟ್. ದಿನಾ ಮೂರು ತಾಸು ಪೂರ್ತಿ ನಡದ್ರ ತಿಂಗಳಿಗೆ ಹತ್ತಿರ ಹತ್ತಿರ 150 ಯುನಿಟ್.

ಕಾಕಾ: ಒಂದು ಕೋಣಿಗೆ! 2023ರಾಗ ಗೃಹಜ್ಯೋತಿ ಬಂದ ಮ್ಯಾಲ ನಮ್ಮದು ಸೊನ್ನೆ ಬಿಲ್ಲು. 200 ಯುನಿಟ್ ದಾಟಿದ್ರ ಪೂರ್ತಿ ಬಿಲ್ ತುಂಬಬೇಕು. ವೈನಿಗೆ ಬಿಲ್ ಬಂತಂದ್ರ ಅಕಿ ಸ್ವಿಚ್ ಹಚ್ಚೂದs ಬಿಡತಾಳ. ನೆಲದಾಗ ರೊಕ್ಕ ಹುಗದು ಥಂಡ್ಯಾಗ ಕುಂದ್ರೂದು ಆಗತೈತಿ.

ಮಗಳು: ಅದು ಖರೇ, ಅಕಿ ಹಚ್ಚೂದಿಲ್ಲ. ಅದಕ್ಕ ಇಡೀ ಕೋಣಿ ಬ್ಯಾಡ. ಒಲಿ ಕಟ್ಟಿ ಮುಂದ, ದೇವರ ಮುಂದ, ಎರಡೂ ಸೇರಿ ಎರಡು ಚದರ ಮೀಟರ್. 300 ವ್ಯಾಟ್, ಎರಡು ತಾಸು, ತಿಂಗಳಿಗೆ 18 ಯುನಿಟ್. ಬಚ್ಚಲದಾಗ ನಿಂದರೂ ಜಾಗಕ್ಕ ಇನ್ನೊಂದು ಅಷ್ಟs. ಟೈಮರ್ ಹಚ್ಚಿಬಿಡತೇನಿ, ಅಕಿ ಸ್ವಿಚ್ ಮುಟ್ಟೂ ಕಾರಣ ಇಲ್ಲ. ಬಚ್ಚಲದಾಗ ಇನ್ನೊಂದು ಉಪಯೋಗ ಐತಿ. ನೆಲಾ ಲಗೂ ಒಣಗತೈತಿ, ಜಾರೂದು ಕಡಿಮಿ.

ಕಾಕಾ: ಬಚ್ಚಲದಾಗ ನೀರಿನ ಅಡಿ ಕರೆಂಟು! ಅದಕ್ಕ ನಾ ಒಪ್ಪೂದಿಲ್ಲ.

ಮಗಳು: ಕೇಬಲ್ ಸುತ್ತ ಲೋಹದ ಜಾಳಗಿ ಇರತೈತಿ, ಅದನ್ನ ಅರ್ಥಿಂಗಿಗೆ ಕೊಡತಾರ. ಮ್ಯಾಲ ನೀರು ಇಳೀದಂಗ ವಾಟರ್‌ಪ್ರೂಫ್ ಪದರ. 30 ಮಿಲಿ ಆಂಪಿಯರ್ ಸೋರಿದ್ರ ಬೀಳೂ ಬ್ರೇಕರ್ ಇಲ್ಲದ ಹಾಕಿಸಬಾರದು. ಇದರಾಗ ರಾಜಿ ಇಲ್ಲ.

ಕಾಕಾ: ಅರ್ಥಿಂಗ್ ಅಂತೀ. ಹಳೇ ಭಾಗದ ವೈರಿಂಗ್ ನಿಮ್ಮಪ್ಪ ಇದ್ದಾಗಿಂದು. ಅರ್ಥಿಂಗ್ ಗುಂಡ್ಯಾಗ ಉಪ್ಪು-ಇದ್ದಲಿ ಹಾಕಿ ಎಷ್ಟ ವರ್ಷ ಆತೋ. ಹೊಸ ಬಚ್ಚಲಕ್ಕ ಕರೆಂಟು ಅದ ಬೋರ್ಡಿನಿಂದ ಬರತೈತಿ. ಹೊಸದು-ಹಳೇದು ಅಂತ ನೀ ಬ್ಯಾರೆ ಮಾಡಿ ಹೇಳ್ತೀ, ಮನಿ ಒಂದ ಐತಲ್ಲ.

ಮಗಳು: ಹಂಗಾದ್ರ ಅರ್ಥಿಂಗ್ ಹೊಸಾದು ಮಾಡಸೂಣು. ಮ್ಯಾಟ್ ಹಾಕಲಿ ಬಿಡಲಿ, ಗೀಸರ್ ಇದ್ದ ಮನಿಗೆ ಅದು ಬೇಕs ಬೇಕು.

ಕಾಕಾ: ಅದಕ್ಕ ನಂದು ಹೂಂ. ಇಂದs ಎಲೆಕ್ಟ್ರಿಷನ್‌ಗೆ ಹೇಳ್ತೇನಿ. ಉಳಿದದ್ದಕ್ಕ ವೈನಿ ಏನಂತಾಳ? ಕೇಳೀ ಏನು?

ಮಗಳು: ಕೇಳೇನಿ. 'ನನ್ನ ಸಲುವಾಗಿ ರೊಕ್ಕ ಯಾಕ ಹಾಳ ಮಾಡ್ತೀರಿ' ಅಂದ್ಲು. ಅದು ಬ್ಯಾಡ ಅಂದಂಗಲ್ಲ ಕಾಕಾ. ನಮ್ಮ ಮನಿ ಹೆಣ್ಮಕ್ಕಳು ನನಗ ಥಂಡಿ ಹತ್ತತೈತಿ ಅಂತ ಬಾಯಿ ಬಿಟ್ಟು ಎಂದರೆ ಹೇಳ್ಯಾರೇನು?

ಕಾಕಾ: ಹೇಳಿಲ್ಲ. ಹೇಳಿದ್ರೂ ನಾವು ಕಂಬಳಿ ತಂದು ಕೊಟ್ಟು ಸುಮ್ಮನಾಗತಿದ್ವಿ. ಆದರ ನೀ ವರ್ಷಕ್ಕೊಮ್ಮೆ ಬರಾಕಿ. ಬಂದಾಗ ಏನರೆ ಮಾಡಿ ಹೋಗಬೇಕು ಅನ್ನೂ ಜೀವ ನಿಂದು. ಅದೂ ನನಗ ಕಾಣತೈತಿ. ನೆಲದಾಗ ಹುಗದದ್ದರ ಕೂಡ ಮುಂದ ಇರಾವ್ರು ನಾವು.

ಮಗಳು: ಅದಕ್ಕ ಕೆಟ್ರ ಏನಾಗತೈತಿ ಅಂತ ಮೊದಲ ಹೇಳಿಬಿಡ್ತೇನಿ. ಬಿಸಿ ಅಳಿಯೂ ಸೆನ್ಸರ್ ಕೊಳವ್ಯಾಗ ಇರತೈತಿ, ಎಳದು ಬದಲಿ ಮಾಡಬಹುದು. ಕೇಬಲ್ ಕೆಟ್ರ ಟೈಲ್ಸ್ ತಗೀಬೇಕು, ಬ್ಯಾರೆ ಹಾದಿ ಇಲ್ಲ. ಕೆಟ್ಟು ಹಂಗs ಬಿಟ್ರ ಅದು ಮಾಮೂಲಿ ಟೈಲ್ಸ್ ನೆಲಾ, ಯಾರಿಗೂ ತೊಂದ್ರಿ ಇಲ್ಲ.

ಕಾಕಾ: ಹಂಗಾದ್ರ ಅದ ನಮೂನಿ ಟೈಲ್ಸ್ ಎರಡು ಪೆಟ್ಟಿಗಿ ಹೆಚ್ಚಿಗಿ ತರಿಸಿಡು. ಮುಂದ ಆ ಡಿಸೈನ್ ಸಿಗೂದಿಲ್ಲ. ಒಲಿ ಕಟ್ಟಿ ಮುಂದಿಂದು ಆಗಲಿ ಅಂತ ನನ್ನ ಮನಸ್ಸು ಅರ್ಧ ಬಂದೈತಿ. ಬಚ್ಚಲದ್ದು ಬಂದಿಲ್ಲ.

ಮಗಳು: ಅಕಿ ಜಾರೂದು ಬಚ್ಚಲದಾಗ.

ಕಾಕಾ: ಅದಕ್ಕ ಬಚ್ಚಲಕ್ಕ ನುಣುಪಿಲ್ಲದ ಟೈಲ್ಸ್, ಹಿಡಕೊಳ್ಳಾಕ ಸ್ಟೀಲ್ ಸರಳು. ಅದು ನನ್ನ ಕೆಲಸ, ಅದಕ್ಕ ಕರೆಂಟ್ ಬೇಕಾಗಿಲ್ಲ.

ಮಗಳು: ಅವೆರಡೂ ಬೇಕು. ಮ್ಯಾಟೂ ಬೇಕು.

ಕಾಕಾ: ನೋಡೂಣು. ಅರ್ಥಿಂಗ್ ಗುಂಡಿ ಆಗಲಿ, ಎಲೆಕ್ಟ್ರಿಷನ್ ಮೀಟರ್ ಹಚ್ಚಿ ತೋರಿಸಲಿ. ಸೋಮವಾರ ನೆಲದ ಕೆಲಸಕ್ಕ ಹುಡುಗ್ರು ಬರತಾರ. ಬಚ್ಚಲಾ ಕಡೀಕ ಮಾಡ್ರಿ ಅಂತ ಹೇಳ್ತೇನಿ. ಅಲ್ಲಿತನಕ ನಿನಗೂ ಹೊತ್ತೈತಿ, ನನಗೂ ಹೊತ್ತೈತಿ.